ಎಮ್ಮಿ ಏನ ತಿನ್ನಬೇಕು?

ಹಲಸಿ, ತಾ. ಖಾನಾಪುರ

ಚಿರಂಜೀವಿ ತಂಗಿಗೆ,

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪದವಿ ಕೈಗೆ ಬಂತು, ಮಲಾವಿ ದೇಶದ ಒಂದು ಹಳ್ಳಿಗೆ ಎರಡು ವರ್ಷ ಸ್ವಯಂಸೇವಕಿಯಾಗಿ ಒಕ್ಕಲುತನ ಕಲಿಸಲು ಹೊರಟಿದ್ದೀ ಎಂದು ನಿಮ್ಮಪ್ಪ ಈ ಕಾಕಾನಿಗೆ ಫೋನಿನಲ್ಲಿ ಹೇಳಿದ. ಸಂತೋಷವಾಯಿತು. ಆದರೆ ‘ಕಲಿಸಲು’ ಎಂಬ ಮಾತು ಅನ್ನದೊಳಗಿನ ಹರಳಿನ ಹಾಗೆ ಹಲ್ಲಿಗೆ ಸಿಕ್ಕಿತು. ಅದಕ್ಕೇ ಈ ಪತ್ರ.

ನಾನು ಗ್ರಾಮಸೇವಕನಾಗಿ ನೌಕರಿಗೆ ಸೇರಿದ ಹೊಸದು. ಜಯಾ ಭತ್ತದ ಬೀಜದ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಕಾಡಂಚಿನ ಒಂದು ಊರಿಗೆ ಹೋಗಿದ್ದೆ. ಆ ವರ್ಷ ಇಳುವರಿ ಚೆನ್ನಾಗಿಯೇ ಬಂತು. ಮರುವರ್ಷ ಒಬ್ಬರೂ ಬಿತ್ತಲಿಲ್ಲ. ಇವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಸಿಡುಕಿದೆ. ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದ ಮುದುಕಿಯೊಬ್ಬಳು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ತಲೆ ಎತ್ತದೆ ಕೇಳಿದಳು: “ಅಕ್ಕಿ ನಾವು ತಿಂತೇವ್ರಿ ಸಾಹೇಬ್ರ, ಎಮ್ಮಿ ಏನ ತಿನ್ನಬೇಕು?”

ಜಯಾ ಗಿಡ್ಡ ತಳಿ, ಅದರ ಹುಲ್ಲೂ ಗಿಡ್ಡ. ನಮ್ಮ ಕಡೆಯ ಮಳೆ ನಿನಗೆ ಗೊತ್ತು. ಆ ದಿನಗಳಲ್ಲಿ ದನ ಕೊಟ್ಟಿಗೆಯಲ್ಲೇ, ಬಣವಿ ಕರಗಿದರೆ ಹಾಲೂ ಕರಗಿತು. ನಾನು ಚೀಲ ಎಣಿಸಿದ್ದೆ, ಬಣವಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಹೊರಗಿನ ಬೀಜ ಬೇಡವೆಂಬ ಹಟ ಅವರದಾಗಿರಲಿಲ್ಲ. ಅವರು ಬಿತ್ತುತ್ತಿದ್ದ ಇಂಟಾನ್ ಸಹ ಇಂಡೋನೇಷ್ಯಾದ ತಳಿಯೇ. ಅವರ ಮನೆಗೂ ಕೊಟ್ಟಿಗೆಗೂ ಒಗ್ಗಿದ್ದರಿಂದ ಅದು ಊರಿನದೇ ಆಗಿಬಿಟ್ಟಿತ್ತು.

ಆದ್ದರಿಂದ ಮೊದಲ ಮಳೆಗಾಲ ಪೂರ್ತಿ ಯಾವ ಪ್ರಾತ್ಯಕ್ಷಿಕೆಯನ್ನೂ ಇಡಬೇಡ. ಕಳಿಸಿದ ಸಂಸ್ಥೆಯವರು ವರದಿ ಕೇಳುತ್ತಾರೆ, ಕೇಳಲಿ. ಅಲ್ಲಿ ಮಳೆ ನವೆಂಬರಿಗೆ ಹಿಡಿದು ಏಪ್ರಿಲ್ ಹೊತ್ತಿಗೆ ಬಿಡುತ್ತದೆ. ನಮ್ಮ ರೋಹಿಣಿ, ಮೃಗಶಿರಾ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೊಲದಲ್ಲಿ ಹಸಿರು ತುಂಬಿರುವ ಜನವರಿಯಿಂದ ಮಾರ್ಚ್‌ವರೆಗೇ ಮನೆಯ ಕಣಜ ಖಾಲಿ. ಆ ತಿಂಗಳುಗಳಲ್ಲಿ ಹಸಿದವರನ್ನು ಮಧ್ಯಾಹ್ನ ಮರದಡಿ ಕೂಡಿಸಿ ಚಾರ್ಟ್ ತೋರಿಸಬೇಡ. ಬೆಳಗಿನ ತಂಪಿನಲ್ಲಿ ಹೆಂಗಸರ ಜೊತೆ ಕಳೆ ತೆಗೆ. ಅವರ ಚಿಚೇವಾ ಭಾಷೆಯೂ ಅಲ್ಲೇ ಬರುತ್ತದೆ. ನನಗೆ ಮರಾಠಿ ಬಂದದ್ದು ಪುಸ್ತಕದಿಂದಲ್ಲ, ಭತ್ತದ ಗದ್ದೆಯಿಂದ.

ಅವರಿಂದ ಕಲಿಯುವುದೂ ಇದೆ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಆಫ್ರಿಕಾದಲ್ಲಿ ಅದು 2016ರಲ್ಲೇ ಕಾಣಿಸಿಕೊಂಡಿತ್ತು. ಆ ಹುಳುವಿನ ವಿಷಯದಲ್ಲಿ ಅವರು ನಮಗಿಂತ ಹಿರಿಯರು. ಗಿಡದ ಸುಳಿಗೆ ಬೂದಿ, ಮರಳು ಹಾಕುವವರನ್ನು ಕಂಡರೆ ನಗಬೇಡ. ಎಷ್ಟು ದಿನದ ಗಿಡಕ್ಕೆ, ದಿನದ ಯಾವ ಹೊತ್ತಿಗೆ ಎಂದು ಕೇಳಿ ಬರೆದುಕೋ.

ತೊಗರಿಯ ಮಾತೂ ಬರುತ್ತದೆ, ತಯಾರಾಗಿರು. ಅಲ್ಲಿಯ ಸಣ್ಣ ರೈತರು ಬೆಳೆದ ತೊಗರಿ ಕೊಳ್ಳುವವರಲ್ಲಿ ನಾವೇ ದೊಡ್ಡವರು. 2017ರಲ್ಲಿ ನಮ್ಮ ಸರ್ಕಾರ ಆಮದಿಗೆ ಮಿತಿ ಹಾಕಿದಾಗ ಅಲ್ಲಿ ದರ ನೆಲಕಚ್ಚಿತು. ಅತ್ತ ಕಲಬುರಗಿಯ ರೈತರೂ ಅದೇ ಹೊತ್ತಿನಲ್ಲಿ ದರ ಕುಸಿದು ಒದ್ದಾಡುತ್ತಿದ್ದರು. ಆಮೇಲೆ 2021ರಲ್ಲಿ ವರ್ಷಕ್ಕೆ 50,000 ಟನ್ ಮಲಾವಿಯಿಂದ ತರಿಸುವ ಒಪ್ಪಂದವಾಯಿತು. ‘ನಿಮ್ಮವರು ಯಾಕೆ ಹಾಗೆ ಮಾಡಿದರು’ ಎಂದು ಯಾರಾದರೂ ಕೇಳಿದರೆ ಎರಡೂ ಕಡೆಯದನ್ನು ಹೇಳು. ನೀನು ಅವರಿಗೆ ಬರೀ ಶಿಕ್ಷಕಿಯಲ್ಲ, ಕೊಳ್ಳುವವರ ಮನೆಯವಳು.

ಹೊರಗಿನಿಂದ ಬಂದು ಕಲಿಸಿದವರು ನಮ್ಮಲ್ಲೂ ಇದ್ದರು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ. ಸಂಬಳದ ಅಧಿಕಾರಿ, ನಿನ್ನ ಹಾಗೆ ಸ್ವಯಂಸೇವಕನಲ್ಲ. ಮಲೆನಾಡಿನಲ್ಲಿ ಅಡಿಕೆ ಕೊಳೆರೋಗಕ್ಕೆ ಸಿಕ್ಕಿ ಉದುರುತ್ತಿತ್ತು. ರೈತರು ಆಗಲೇ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಕದಂತೆ ಕಾಯುತ್ತಿದ್ದರು. ಕೋಲ್ಮನ್ ಅದನ್ನು ಮೂಢತನ ಎನ್ನಲಿಲ್ಲ, ನೋಡಿದ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಆ ಮಳೆಗೆ ತೊಳೆದುಹೋಗದಂತೆ ರಾಳ ಬೆರೆಸಿ ಗೊನೆಗೆ ಹೊಡೆಸಿದ. ಇಂದಿಗೂ ಮಳೆಗಾಲದಲ್ಲಿ ತೋಟಗಳಲ್ಲಿ ಬೋರ್ಡೋ ಹೊಡೆಯುತ್ತಾರೆ. ಆತ ಇಲ್ಲಿ ಹೆಚ್ಚುಕಡಿಮೆ ಕಾಲು ಶತಮಾನ ಇದ್ದ ಎಂಬುದನ್ನೂ ಮರೆಯಬೇಡ. ನಿನ್ನ ಕೈಯಲ್ಲಿರುವುದು ಎರಡು ಮಳೆಗಾಲ.

ಎರಡು ಮಳೆಗಾಲಕ್ಕೆ ಒಪ್ಪುವ ಕೆಲಸವೆಂದರೆ ಗೆಣಸು. ನಮ್ಮ ತಾಲೂಕಿನ ಬೆಳೆ, ನಿನಗೆ ಹುಟ್ಟಿನಿಂದ ಗೊತ್ತು. ಕಿತ್ತಳೆ ಬಣ್ಣದ ಗೆಣಸಿನಲ್ಲಿ ದೇಹದೊಳಗೆ ಎ ಜೀವಸತ್ವವಾಗುವ ಅಂಶವಿದೆ. ಅದನ್ನು ಆಫ್ರಿಕಾದ ಮಕ್ಕಳ ತಟ್ಟೆಗೆ ಮುಟ್ಟಿಸಿದವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತು. ಅಲ್ಲಿಯ ತೊಡಕು ಬಳ್ಳಿಯದು. ಆರೇಳು ತಿಂಗಳ ಒಣಗಾಲದಲ್ಲಿ ಬಳ್ಳಿ ಸತ್ತು, ಮಳೆ ಬಂದಾಗ ನೆಡಲು ಕುಡಿಯೇ ಇರುವುದಿಲ್ಲ. ಸಣ್ಣ ಗೆಡ್ಡೆಗಳನ್ನು ಒಣ ಮರಳಿನಲ್ಲಿ ಮುಚ್ಚಿಟ್ಟು, ಮಳೆಗೆ ಆರೆಂಟು ವಾರ ಮೊದಲು ಮಡಿಯಲ್ಲಿ ನೆಟ್ಟು ನೀರು ಹಾಕಿದರೆ ಕುಡಿ ಸಿಗುತ್ತದೆ. ದುಡ್ಡು ಬೇಡದ ಕೆಲಸ. ಆ ಮರಳಿನ ಬುಟ್ಟಿ ಮಾತ್ರ ನಿನ್ನ ಕೋಣೆಯಲ್ಲಿರಬಾರದು. ನೀನು ತಿರುಗಿ ಬಂದ ಮೇಲೂ ಅಲ್ಲೇ ಇರುವ ಹೆಂಗಸರ ಮನೆಯಲ್ಲಿರಲಿ, ಒಬ್ಬಳದಲ್ಲ, ನಾಲ್ಕೈದು ಮನೆಯಲ್ಲಿ.

ವರದಿ ಬರೆಯುವಾಗ, ಆ ಹೆಂಗಸರು ಒಪ್ಪಿದರೆ, ಅವರ ಹೆಸರು ಬರೆ. ನಂದಗಡದ ದಾರಿಯ ಚಕ್ರತೀರ್ಥದ ಹತ್ತಿರ ಸಿಕ್ಕ ಕದಂಬರ ತಾಮ್ರಪಟಗಳು ಗೊತ್ತಲ್ಲ? ದಾನ ಕೊಟ್ಟ ಅರಸರ ಹೆಸರಿದೆ, ನಿವರ್ತನದ ಲೆಕ್ಕದಲ್ಲಿ ಹೊಲವಿದೆ. ಹೊಲ ಉಳುತ್ತಿದ್ದವನು ಯಾರೆಂದು ಹಲಸಿಯಲ್ಲಿ ಇಷ್ಟು ವರ್ಷ ಇದ್ದ ನನಗೂ ಗೊತ್ತಿಲ್ಲ.

ಸೊಳ್ಳೆ ಪರದೆಯಿಲ್ಲದೆ ಒಂದು ರಾತ್ರಿಯೂ ಮಲಗಬೇಡ, ಮಲೇರಿಯಾ ಅಲ್ಲಿ ಹಟಮಾರಿ. ಜ್ವರ ಬಂದ ದಿನವೇ ರಕ್ತ ತೋರಿಸು. ನಿಮ್ಮವ್ವ ಪೆಟ್ಟಿಗೆಯಲ್ಲಿ ಗೆಣಸಿನ ಕುಡಿ, ಬಿತ್ತುವ ಬೀಜ ಇಟ್ಟಾಳು. ಅವಳಿಗೆ ಬೇಸರವಾದರೂ ತೆಗೆದಿಡು, ರೋಗ ಅದರ ಜೊತೆಗೇ ಗಡಿ ದಾಟುತ್ತದೆ. ಬೇಕಿದ್ದರೆ ನನ್ನ ಹಳೆಯ ಕುರ್ಪಿ ಒಯ್ಯಿ. ಮಣ್ಣು ಪೂರ್ತಿ ತೊಳೆದು, ಕೈಚೀಲದಲ್ಲಲ್ಲ, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿಡು. ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ಕಸಿದುಕೊಳ್ಳುತ್ತಾರೆ.

ನಿನ್ನ ಕಾಕಾ