ಹೊಟ್ಟೆಯೊಳಗಿನ ಜೀವಿಗಳು ಮತ್ತು ನಮ್ಮ ಮನಸ್ಸು



ಮದುವೆಯಲ್ಲೋ ಜಾತ್ರೆಯಲ್ಲೋ ಉಳಿದ ಅನ್ನ, ಹೋಳಿಗೆಯನ್ನು ಬುಟ್ಟಿಗಟ್ಟಲೆ ಆಕಳ ಮುಂದೆ ಸುರಿದರೆ ಮರುದಿನ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ, ಹಾಲು ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಆಕಳು ಮಂಕಾಗಿ ತಲೆ ತಗ್ಗಿಸಿ ನಿಲ್ಲುತ್ತದೆ, ಕರೆದರೂ ತಿರುಗಿ ನೋಡುವುದಿಲ್ಲ. ಕೆಟ್ಟದ್ದು ಹೊಟ್ಟೆಯಾದರೂ ತಲೆ ಏಕೆ ಮಂಕಾಯಿತು? ಈ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಆಕಳ ಹೊಟ್ಟೆಯಲ್ಲಿ ನಡೆಯುವುದೇನು?

ಮೇವನ್ನು ಕರಗಿಸುವುದು ಆಕಳೊಂದೇ ಅಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ. ಜೋಳದ ಸೊಪ್ಪೆ, ಹುಲ್ಲಿನ ನಾರನ್ನು ಒಡೆಯುವವರು ಅವರೇ. ಮಿದುಳಿಗೆ ಬೇಕಾದ ಬಿ1 ಜೀವಸತ್ವವನ್ನೂ ಅವೇ ತಯಾರಿಸಿ ಕೊಡುತ್ತವೆ. ಒಮ್ಮೆಲೇ ಅನ್ನ, ಕಾಳು, ಬೆಲ್ಲ ಹೆಚ್ಚಾದರೆ ಹುಳಿ ಮಾಡುವ ಜೀವಿಗಳು ಬೆಳೆದು ಉಳಿದವು ಸಾಯುತ್ತವೆ. ಬಿ1 ಅನ್ನು ಹಾಳುಮಾಡುವ ಜೀವಿಗಳೂ ಹೆಚ್ಚಬಹುದು. ಆಗ ಮಿದುಳು ಬಾತು ಕರು, ಆಡು, ಕುರಿಗಳು ಕಣ್ಣು ಕಾಣದೆ ಸುತ್ತು ಹಾಕುತ್ತವೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತವೆ, ಕತ್ತು ಮೇಲೆತ್ತಿ ಆಕಾಶ ನೋಡುತ್ತವೆ. "ಗಾಳಿ ಸೋಕಿದೆ" ಎಂದು ನಾವು ತಾಯಿತ ಕಟ್ಟುತ್ತೇವೆ. ಪಶುವೈದ್ಯರು ಬೇಗ ಬಂದು ಬಿ1 ಚುಚ್ಚುಮದ್ದು ಕೊಟ್ಟರೆ ಎಷ್ಟೋ ಪ್ರಾಣಿಗಳು ಚೇತರಿಸಿಕೊಳ್ಳುತ್ತವೆ. ಇಂಥ ಲಕ್ಷಣ ಹುಚ್ಚುನಾಯಿ ರೋಗದಲ್ಲೂ ಬರುತ್ತದೆ. ಆದ್ದರಿಂದ ಬಾಯಿಗೆ ಕೈ ಹಾಕಬೇಡಿ, ವೈದ್ಯರನ್ನು ಕರೆಸಿ.

ನಮ್ಮ ಹೊಟ್ಟೆಯಲ್ಲಿ?

ನಮಗೆ ನಾಲ್ಕು ಭಾಗದ ಹೊಟ್ಟೆ ಇಲ್ಲ. ಆದರೆ ನಮ್ಮ ದೊಡ್ಡ ಕರುಳಿನಲ್ಲಿಯೂ ಇಂಥ ಜೀವಿಗಳ ದೊಡ್ಡ ಸಂಸಾರವೇ ಇದೆ. ಅವು ಮೂರು ದಾರಿಯಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ.

ಒಂದು, ನರದ ದಾರಿ. ಮಿದುಳಿನಿಂದ ಹೊಟ್ಟೆಯವರೆಗೆ ವೇಗಸ್ ಎಂಬ ಉದ್ದದ ನರವಿದೆ. ಅದರಲ್ಲಿ ಕೆಳಗಿಳಿಯುವ ಸುದ್ದಿಗಿಂತ ಹೊಟ್ಟೆಯಿಂದ ಮೇಲೇರುವ ಸುದ್ದಿಯೇ ಹೆಚ್ಚು.

ಎರಡು, ರಕ್ತದ ದಾರಿ. ನಾವು ತಿಂದ ನಾರನ್ನು ಈ ಜೀವಿಗಳು ಹುದುಗಿಸಿದಾಗ ಬರುವ ಆಮ್ಲಗಳು ಕರುಳಿನ ಗೋಡೆಯನ್ನು ಗಟ್ಟಿಯಾಗಿಡುತ್ತವೆ. ಗೋಡೆ ಸಡಿಲವಾದರೆ ಮೈಯಲ್ಲಿ ಸಣ್ಣ ಉರಿಯೂತ ನಿಲ್ಲದೆ ಇರುತ್ತದೆ. ಅಂಥ ಉರಿಯೂತ ದಣಿವಿಗೂ ಬೇಸರಕ್ಕೂ ಜೊತೆಯಾಗಬಲ್ಲದು.

ಮೂರು, ರಾಸಾಯನಿಕಗಳ ದಾರಿ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ವಸ್ತುವಿನ ಸುಮಾರು ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅದು ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಕರುಳಿನ ನರಗಳನ್ನು ಎಚ್ಚರಿಸುತ್ತದೆ.

ದಾರಿ ಎರಡೂ ಕಡೆಗಿದೆ. ಸಾಲದ ಚಿಂತೆ ಬಂದಾಗ ಹಸಿವು ಹೋಗುವುದು, ಹೆದರಿಕೆಯಾದಾಗ ಹೊಟ್ಟೆ ಕಲಸುವುದು ಇದೇ ಕಾರಣಕ್ಕೆ.

ವಿಜ್ಞಾನಿಗಳು ಕಂಡದ್ದು

2004ರಲ್ಲಿ ಜಪಾನಿನ ವಿಜ್ಞಾನಿಗಳು ಹೊಟ್ಟೆಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದ ಇಲಿಗಳನ್ನು ಸಾಕಿ ನೋಡಿದರು. ಕಟ್ಟಿಹಾಕಿದಾಗ ಅವುಗಳ ಮೈಯಲ್ಲಿ ಗಾಬರಿಯ ಹಾರ್ಮೋನು ಉಳಿದ ಇಲಿಗಳಿಗಿಂತ ಹೆಚ್ಚು ಏರಿತು. 2013ರಲ್ಲಿ ಅಮೆರಿಕದಲ್ಲಿ ಕೆಲವು ಆರೋಗ್ಯವಂತ ಮಹಿಳೆಯರಿಗೆ ನಾಲ್ಕು ವಾರ ದಿನಕ್ಕೆರಡು ಸಲ ಹುದುಗಿಸಿದ ಹಾಲು ಕೊಟ್ಟರು. ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿದಾಗ ಅವರ ಮಿದುಳು ಮೊದಲಿಗಿಂತ ಬೇರೆ ರೀತಿ ಸ್ಪಂದಿಸಿತು. ಆದರೆ ಇದು ಚಿಕ್ಕ ಪ್ರಯೋಗ, ಖರ್ಚು ಕೊಟ್ಟದ್ದು ಅಂಥ ಪಾನೀಯ ಮಾರುವ ಕಂಪನಿ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಖಿನ್ನತೆ ಇದ್ದ 67 ಜನರಿದ್ದರು. ಕಾಳು, ತರಕಾರಿ, ಹಣ್ಣು ಹೆಚ್ಚಿಸಿ ಊಟ ಸುಧಾರಿಸಿಕೊಂಡವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ 12 ವಾರಗಳಲ್ಲಿ ಖಿನ್ನತೆ ಇಳಿಯಿತು. ಬರೀ ಮಾತಿನ ಜೊತೆ ಪಡೆದವರಲ್ಲಿ ಹಾಗಾದದ್ದು ಶೇ. 8ರಷ್ಟು ಜನರಿಗೆ ಮಾತ್ರ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯಲ್ಲಿದ್ದರು ಎಂಬುದನ್ನು ಮರೆಯಬಾರದು.

ಹೀಗಾಗಿ ಒಳ್ಳೆಯ ಊಟ ಮನಸ್ಸಿಗೆ ಆಸರೆ ಎನ್ನಬಹುದು. ಮೊಸರು ಖಿನ್ನತೆಗೆ ಔಷಧಿ ಎನ್ನಲಾಗದು.

ನಿಮ್ಮ ಪಾಲಿನ ಹಾಲು

ಬೆಳಿಗ್ಗೆ ಹಿಂಡಿದ್ದನ್ನೆಲ್ಲ ಡೇರಿಗೆ ಹಾಕಿ, ಉಳಿದ ತುಸು ಹಾಲನ್ನು ಚಹಾಕ್ಕೆ ಇಟ್ಟು, ಮೊಸರನ್ನು ಗಂಡಸರಿಗೂ ಮಕ್ಕಳಿಗೂ ಬಡಿಸಿ ಕೊನೆಗೆ ರೊಟ್ಟಿ-ಖಾರ ಉಂಡು ಏಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಾಲು ಹಾಕುವ ಮೊದಲೇ ನಿಮ್ಮ ಪಾಲು ತೆಗೆದಿಡಿ. ಕಾಯಿಸಿ ಆರಿಸಿ ಹೆಪ್ಪು ಹಾಕಿ. ಮೊಸರಿನ ಜೀವಿಗಳು ಹೆಚ್ಚಾಗಿ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ, ಬಂದು ಹೋಗುತ್ತವೆ. ಆದ್ದರಿಂದ ಒಮ್ಮೆ ಗಡಿಗೆ ತುಂಬ ಉಣ್ಣುವುದಕ್ಕಿಂತ ದಿನಕ್ಕೊಂದು ಬಟ್ಟಲು ಮೇಲು. ಮೊದಲೇ ಇರುವ ಜೀವಿಗಳಿಗೆ ಮೇವು ಬೇಕು. ಅವುಗಳ ಮೇವು ನಾರು: ಜೋಳದ ರೊಟ್ಟಿ, ನುಚ್ಚು-ಮಜ್ಜಿಗೆ, ಮಡಕಿ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಇವೆಲ್ಲ ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಅಡುಗೆಯೇ.

ಇನ್ನೊಂದು ಮಾತು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಆಕಳ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ, ಕಂಡಿರುತ್ತೀರಿ. ಔಷಧಿ ಹೆಪ್ಪಿನ ಜೀವಿಗಳನ್ನೇ ತಡೆದಿರುತ್ತದೆ. ನಾವು ನುಂಗುವ ಮಾತ್ರೆಯೂ ಕರುಳಿನ ಒಳ್ಳೆಯ ಜೀವಿಗಳನ್ನು ಬಿಡುವುದಿಲ್ಲ. ವೈದ್ಯರು ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಸಣ್ಣ ನೆಗಡಿಗೆ ಅಂಗಡಿಯಿಂದ ತಂದು ನುಂಗಬೇಡಿ. ಔಷಧಿ ಕೊಟ್ಟ ಆಕಳ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೂ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಮೊಸರಿನಿಂದ ಆಗದ ಕೆಲಸ

ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ನಿದ್ದೆ-ಊಟ ತಪ್ಪಿದರೆ, ಕೊಟ್ಟಿಗೆಗೆ ಹೋಗಲೂ ಮನಸ್ಸಾಗದಿದ್ದರೆ, ಸಾಯುವ ಯೋಚನೆ ಬಂದರೆ ಅದು ಕಾಯಿಲೆ. ಮಂಕಾದ ಆಕಳಿಗೆ ವೈದ್ಯರನ್ನು ಕರೆಸುವ ನಾವು ನಮಗೂ ಕರೆಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿದರೂ ದಾರಿ ತೋರಿಸುತ್ತಾರೆ.

ನೆನಪಿಡಿ

• ದನದ ಮೇವನ್ನು ಒಮ್ಮೆಲೇ ಬದಲಿಸಬೇಡಿ. ಉಳಿದ ಅನ್ನ, ಹೋಳಿಗೆ ಸುರಿಯಬೇಡಿ.
• ದಿನಕ್ಕೊಂದು ಬಟ್ಟಲು ಮೊಸರು ಅಥವಾ ಮಜ್ಜಿಗೆ ನಿಮ್ಮ ಪಾಲಿಗೂ ಇರಲಿ.
• ಕಾಳು, ಸೊಪ್ಪು, ಜೋಳ ಬಿಡಬೇಡಿ.
• ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಮೊಸರಿನ ನಂಬಿಕೆಯ ಮೇಲೆ ನಿಲ್ಲಿಸಬೇಡಿ.
• ನಿತ್ಯ ಡೇರಿಗೆ ಬರುವ ಅಕ್ಕ ನಾಲ್ಕು ದಿನ ಕಾಣದಿದ್ದರೆ ಅವರ ಮನೆಗೆ ಹೋಗಿ ಬನ್ನಿ. 14416 ಸಂಖ್ಯೆಯನ್ನು ನಿಮ್ಮ ಹಾಲಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.