ಮೊಬೈಲ್ ಮಾಡ್ಯೂಲಿನಿಂದ ಡೇಟಾ ಕರೆ: ಪಂಪ್‌ಮನೆಯ ಪೆಟ್ಟಿಗೆ ಏಕೆ ಮಾತು ನಿಲ್ಲಿಸಿತು?



ಕಳೆದ ಮಹಾಸಭೆಯಲ್ಲಿ ಮೂವರು ಸದಸ್ಯರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದರು. ಪಂಪ್‌ಮನೆಗೂ ಮಳೆಮಾಪಕಕ್ಕೂ ಹಿಂದೆ ಹಾಕಿಸಿದ್ದ ಮೊಬೈಲ್ ಪೆಟ್ಟಿಗೆಗಳು ಈಗ ಮೂಲೆ ಸೇರಿವೆ. ಅವನ್ನು ಗುಜರಿಗೆ ಹಾಕುವುದೋ, ರಿಪೇರಿ ಮಾಡಿಸುವುದೋ? ಅಂಥವನ್ನೇ ಅರ್ಧ ಬೆಲೆಗೆ ಕೊಡುತ್ತೇವೆಂದು ಬರುವವರನ್ನು ನಂಬುವುದೋ, ಬೇಡವೋ? ಊಟದ ಹೊತ್ತಾಗಿದ್ದರಿಂದ ಅಂದು ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೇ ಒಂದು ತಪ್ಪಿನ ಕತೆಯೂ ಸೇರಿದೆ.

ನಮ್ಮ ಸಂಘದ ಹಳ್ಳದ ಪಂಪ್‌ಮನೆಗೆ 2009ರಲ್ಲಿ ಒಂದು ಪೆಟ್ಟಿಗೆ ಹಾಕಿಸಿದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ಮನೆಯ ಮಹಡಿಯ ಮೇಲೆಯೇ ಕಾರ್ಯಾಗಾರ ಇಟ್ಟುಕೊಂಡಿದ್ದ ಒಬ್ಬ ನಿವೃತ್ತ ಇಂಜಿನಿಯರು ಅದನ್ನು ಮಾಡಿಕೊಟ್ಟಿದ್ದರು. ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ಅದು ತಾನಾಗಿಯೇ ಕಚೇರಿಯ ದೂರವಾಣಿಗೆ ಕರೆ ಮಾಡಿ, ಹಿಂದಿನ 24 ಗಂಟೆಗಳಲ್ಲಿ ಎಷ್ಟು ಮಳೆ ಬಿತ್ತು, ತೊಟ್ಟಿಯಲ್ಲಿ ನೀರೆಷ್ಟಿದೆ ಎಂಬುದನ್ನು ಒಪ್ಪಿಸುತ್ತಿತ್ತು. ಈ ಬಗೆಯ ಕರೆಗೇ ಡೇಟಾ ಕರೆ ಎಂದು ಹೆಸರು.

ಇದು ಇಂದಿನ ಇಂಟರ್‌ನೆಟ್ ಅಲ್ಲವೆಂಬುದನ್ನು ಮೊದಲು ಮನಗಾಣಬೇಕು. ನಮ್ಮ ತಲೆಮಾರಿನವರಿಗೆ ಟ್ರಂಕ್ ಕಾಲ್ ನೆನಪಿದೆ. ಬುಕ್ ಮಾಡಿ ಕಾಯಬೇಕು. ಎಕ್ಸ್‌ಚೇಂಜಿನವರು ಜೋಡಿಸಿಕೊಟ್ಟರೆಂದರೆ ಆ ಸಾಲು ಪೂರ್ತಿ ನಮ್ಮದು. ಮಾತಾಡಿದರೂ, ಸುಮ್ಮನೆ ಕೂತರೂ ನಿಮಿಷದ ಲೆಕ್ಕ ಓಡುತ್ತದೆ. ಕೈಯಿಂದ ಜೋಡಿಸುತ್ತಿದ್ದ ಈ ಸಾಲನ್ನು ಮುಂದೆ ಯಂತ್ರವೇ ಜೋಡಿಸತೊಡಗಿತು. ಸಿ-ಡಾಟ್ ಸಂಸ್ಥೆಯ 128 ಸಾಲಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜು ಆರಂಭವಾದದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಸಾಲು ಹಿಡಿದಿಡುವ ಈ ಪದ್ಧತಿಗೆ ಸರ್ಕ್ಯೂಟ್ ಸ್ವಿಚಿಂಗ್ ಎನ್ನುತ್ತಾರೆ. ಇಂಟರ್‌ನೆಟ್ಟಾದರೋ ಅಂಚೆಯ ಕಾರ್ಡಿನಂತೆ: ವಿಷಯವನ್ನು ತುಂಡು ತುಂಡು ಮಾಡಿ, ವಿಳಾಸ ಬರೆದು ಹಾಕಿದರಾಯಿತು, ಸಾಲು ಕಾದಿರಿಸಬೇಕಾಗಿಲ್ಲ.

2ಜಿ ಎನ್ನುವ ಜಿ.ಎಸ್.ಎಂ. ಮೊಬೈಲಿನಲ್ಲಿ ಇದೇ ಸಾಲನ್ನು ಗಾಳಿಯಲ್ಲಿ ಹಿಡಿಯುತ್ತಾರೆ. ಒಂದು ತರಂಗವನ್ನು ಎಂಟು ಸರದಿಗಳಾಗಿ ಹಂಚುತ್ತಾರೆ. ಒಂದೊಂದು ಸರದಿಯೂ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಕರೆ ಮುಗಿಯುವತನಕ ಒಂದು ಸರದಿ ನಮ್ಮ ಹೆಸರಿಗೆ ಮೀಸಲು. ಆ ಸರದಿಯಲ್ಲಿ ದನಿಯ ಬದಲು ಅಕ್ಷರ, ಅಂಕಿಗಳನ್ನು ಕಳಿಸಿದರೆ ಅದೇ ಡೇಟಾ ಕರೆ. ವೇಗ ಸೆಕೆಂಡಿಗೆ 9600 ಬಿಟ್, ಅಂದರೆ ಹೆಚ್ಚು ಕಡಿಮೆ ಸಾವಿರ ಅಕ್ಷರ. ಈ ಕಾಲದವರು ನಗಬಹುದು. ಆದರೆ 24 ಗಂಟೆಗಳ ಮಳೆ ಲೆಕ್ಕ ಗಂಟೆಗೊಂದು ಸಾಲಿನಂತೆ ಐದು ನೂರು ಅಕ್ಷರವೂ ಆಗುವುದಿಲ್ಲ. ಅರ್ಧ ಸೆಕೆಂಡಿನ ಕೆಲಸ. ಸಾಲು ಕೂಡುವುದಕ್ಕೇ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ನಮ್ಮ ಕಚೇರಿಯ ಮೋಡೆಮ್ ಫ್ಯಾಕ್ಸ್ ಯಂತ್ರದ ಹಾಗೆ ಕಿರುಗುಟ್ಟಿ, ಎರಡು ಕಡೆಯವೂ ಒಪ್ಪಂದಕ್ಕೆ ಬರುವಷ್ಟರಲ್ಲಿ ಗುಮಾಸ್ತರು ಬೀಗದ ಕೈ ಗೂಟಕ್ಕೆ ಹಾಕಿ ಕೂತಿರುತ್ತಿದ್ದರು.

ಹೀಗೆ ಎಂಟು ವರ್ಷ ನಡೆಯಿತು. 2018ರ ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಕರೆ ಬರಲಿಲ್ಲ, ಮರುದಿನವೂ ಇಲ್ಲ. ಅದೇ ವಾರ ಕಚೇರಿಯಿರುವ ಊರಿಗೆ ಒಂದು ಇಂಚಿನ ಮೇಲೆ ಹೂಮಳೆ ಬಿತ್ತು. ಹಳ್ಳದಾಚೆಯ ತೋಟಗಳಿಗೂ ಬಿದ್ದಿರಬೇಕೆಂದು ತಿಳಿದು ಸ್ಪ್ರಿಂಕ್ಲರ್ ಸರದಿಯನ್ನು ನಾವು ರದ್ದು ಮಾಡಿದೆವು. ಪಂಪ್‌ಮನೆಯ ಹುಡುಗ ಸಂಜೆ ಬಂದು, "ಅಯ್ಯಾ, ನಮ್ಮ ಕಡೆ ಸರಿಯಾಗಿ ಬರ್ಲಿಲ್ಲ, ಎಲೆ ನೆನೆದಷ್ಟೇ" ಎಂದು ಹೇಳಿದ್ದ. ನಾನು ನಂಬಲಿಲ್ಲ. ಅಲ್ಲಿ ಬಿದ್ದದ್ದು 30 ಸೆಂಟ್ ಮಾತ್ರವೆಂದು ಆಮೇಲೆ ತಿಳಿಯಿತು. ರೊಬಸ್ಟಾ ಮೊಗ್ಗಿಗೆ ಅಷ್ಟು ಮಳೆ ಬಾರದಿರುವುದಕ್ಕಿಂತ ಕೆಟ್ಟದ್ದು. ಅರ್ಧ ಬಿರಿದು ಒಣಗಿಹೋಯಿತು. ನಷ್ಟವಾದ ನಾಲ್ವರು ಸದಸ್ಯರು ಕಚೇರಿಗೆ ಬಂದು ಕೂತಾಗ, ಹುಡುಗ ತನ್ನ ಮೊಬೈಲ್ ಚಾರ್ಜಿಗೆಂದು ಪೆಟ್ಟಿಗೆಯ ಪ್ಲಗ್ ಕಿತ್ತಿರಬೇಕೆಂದು ಯಾರೋ ಅಂದರು. ಅವನ ಅರ್ಧ ತಿಂಗಳ ಸಂಬಳ ಹಿಡಿಯುವುದೆಂದು ಬರೆದು ಸಹಿ ಹಾಕಿದವನು ನಾನೇ.

ಏಪ್ರಿಲಿನಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಬೆಂಗಳೂರಿಗೆ ಹೋದೆ. ಇಂಜಿನಿಯರು ಅಷ್ಟರಲ್ಲಿ ಜೆ.ಪಿ. ನಗರಕ್ಕೆ ಮನೆ ಬದಲಿಸಿದ್ದರು. ಮೆಜೆಸ್ಟಿಕ್ಕಿನಿಂದ ಮೆಟ್ರೋ ಹಿಡಿಯೋಣವೆಂದರೆ ವೈರು, ಆಂಟೆನಾ, ಬ್ಯಾಟರಿಗಳಿದ್ದ ನನ್ನ ಚೀಲವನ್ನು ಕಂಡು ಕಾವಲಿನವರು ಹತ್ತು ನಿಮಿಷ ನಿಲ್ಲಿಸಿದರು. ಕಾಫಿ ಬೆಳೆಗಾರನೆಂದು ಗುರುತಿನ ಚೀಟಿ ತೋರಿಸಿದ ಮೇಲೂ ಅವರ ಅನುಮಾನ ಪೂರ್ತಿ ಹೋದಂತೆ ಕಾಣಲಿಲ್ಲ.

ಹಿರಿಯರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರಿಗೆ ಜೋಡಿಸಿ, ಒಂದೊಂದೇ ಅಪ್ಪಣೆ ಕೊಡುತ್ತಾ ಹೋದರು. ಆ ಕ್ರಮವನ್ನು ಸದಸ್ಯರೂ ಕಲಿತುಕೊಳ್ಳಬಹುದು. ಎಲ್ಲ ಅಪ್ಪಣೆಗಳೂ ಎ.ಟಿ. ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತವೆ. 'ಇತ್ತ ಗಮನ ಕೊಡು' ಎಂದು ಅದರ ಅರ್ಥ. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಮೋಡೆಮ್‌ಗೆ ಮಾಡಿದ ಭಾಷೆ ಇದು, ಇಂದಿಗೂ ಬಳಕೆಯಲ್ಲಿದೆ.

ಮೊದಲು ಬರೀ ಎ.ಟಿ. ಎಂದು ಒತ್ತಿದರೆ ಓಕೆ ಎಂಬ ಉತ್ತರ ಬರಬೇಕು. ಬಾರದಿದ್ದರೆ ವೈರು ಇಲ್ಲವೇ ವಿದ್ಯುತ್ತಿನ ದೋಷ. ಇಲ್ಲೊಂದು ಮಾತು ಹೇಳಲೇಬೇಕು. ಮಾಡ್ಯೂಲಿಗೆ ಬೇಕಾದದ್ದು ಸುಮಾರು ನಾಲ್ಕು ವೋಲ್ಟ್ ಮಾತ್ರ. ಆದರೆ ಗೋಪುರಕ್ಕೆ ದನಿ ಮುಟ್ಟಿಸುವ ಕ್ಷಣದಲ್ಲಿ ಅದು ಎರಡು ಆಂಪಿಯರ್‌ವರೆಗೂ ಎಳೆಯುತ್ತದೆ. ಮೊಬೈಲನ್ನು ರೇಡಿಯೋ ಹತ್ತಿರ ಇಟ್ಟರೆ ಗುರ್ ಗುರ್ ಎಂದು ಕೇಳುತ್ತದಲ್ಲ, ಆ ಬಡಿತವೇ ಇದು. ಅಗ್ಗದ ಅಡಾಪ್ಟರ್ ಹಾಕಿದರೆ ಸುಮ್ಮನಿದ್ದಾಗ ಎಲ್ಲವೂ ಸರಿ, ಕರೆ ಮಾಡಿದೊಡನೆ ಮಾಡ್ಯೂಲು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಕೆಟ್ಟಿದೆಯೆಂದು ಎಸೆದ ಪೆಟ್ಟಿಗೆಗಳಲ್ಲಿ ಎಷ್ಟೋ ಇಂಥವು ಎಂದರು ಹಿರಿಯರು.

ಎರಡನೆಯದು ಸಿಮ್. ಸಿ.ಪಿ.ಐ.ಎನ್. ಎಂದು ಕೇಳಿದರೆ ರೆಡಿ ಎನ್ನಬೇಕು. ಆಮೇಲೆ ಸಿ.ಆರ್.ಇ.ಜಿ. ಎಂಬ ಪ್ರಶ್ನೆಗೆ ಉತ್ತರದ ಎರಡನೆಯ ಅಂಕಿ 1 ಅಥವಾ 5 ಇದ್ದರೆ ಸಿಮ್ ಜಾಲದಲ್ಲಿ ದಾಖಲಾಗಿದೆ ಎಂದರ್ಥ. ಸಿ.ಎಸ್.ಕ್ಯೂ. ಎಂದರೆ ಸಿಗ್ನಲ್ಲಿನ ಅಳತೆ: ಸೊನ್ನೆಯಿಂದ 31ರ ತನಕ ಬರುತ್ತದೆ, 99 ಬಂದರೆ ಏನೂ ತಿಳಿಯದು. ಜೆ.ಪಿ. ನಗರದಲ್ಲಿ 24 ಬಂತು. ಹತ್ತರ ಕೆಳಗಿದ್ದರೆ ಆಂಟೆನಾ ಮೇಲೇರಿಸುವ ಯೋಚನೆ ಮಾಡಬೇಕು. ನಮ್ಮ ಹಳ್ಳದ ಗುಂಡಿಯಲ್ಲಿ ಅಡಿಕೆ ಮರದೆತ್ತರದ ಕಂಬ ನೆಟ್ಟದ್ದು ಅದಕ್ಕೇ.

ಇಷ್ಟೂ ಸರಿಯಿತ್ತು. ಆಮೇಲೆ ಅವರು ಕರೆಯ ಬಗೆಯನ್ನು ಹೇಳುವ ಸಿ.ಬಿ.ಎಸ್.ಟಿ. ಎಂಬ ಅಪ್ಪಣೆಗೆ 7, 0, 1 ಎಂಬ ಅಂಕಿಗಳನ್ನು ಕೊಟ್ಟರು. 7 ಎಂದರೆ 9600ರ ವೇಗ, ಆಚೆ ಕಡೆ ಸಾಧಾರಣ ದೂರವಾಣಿ ಮೋಡೆಮ್. ಸೊನ್ನೆ ಎಂದರೆ ಅಕ್ಷರಗಳು ಬಿಡಿಬಿಡಿಯಾಗಿ ಹೋಗುತ್ತವೆ. ಕೊನೆಯ 1 ಎಂದರೆ ದಾರಿಯಲ್ಲಿ ಕೆಟ್ಟ ಅಕ್ಷರವನ್ನು ಜಾಲವೇ ಮತ್ತೆ ತರಿಸಿಕೊಳ್ಳುತ್ತದೆ. ಆಚೆ ಕಡೆಯೂ ನೇರ ಡಿಜಿಟಲ್ ಸಾಲಿದ್ದರೆ 7ರ ಬದಲು 71.

ಕೊನೆಗೆ ಎ.ಟಿ.ಡಿ. ಎಂದು ಬರೆದು ಸಂಖ್ಯೆ. ಇಲ್ಲಿರುವ ಸೂಕ್ಷ್ಮ ಸ್ವಾರಸ್ಯವಾದದ್ದು. ಸಂಖ್ಯೆಯ ಕೊನೆಗೆ ಅರ್ಧವಿರಾಮ ಚಿಹ್ನೆ ಇಟ್ಟರೆ ಅದು ಮಾತಿನ ಕರೆ. ಇಡದಿದ್ದರೆ ಡೇಟಾ ಕರೆ. ಹಿರಿಯರು ಮೊದಲು ಚಿಹ್ನೆ ಇಟ್ಟು, ಪಕ್ಕದ ಕೋಣೆಯಲ್ಲಿದ್ದ ತಮ್ಮ ಮನೆಯ ದೂರವಾಣಿಗೇ ಕರೆ ಮಾಡಿದರು. ಟ್ರಿಣ್ ಎಂದಿತು. ಅದಕ್ಕೆ ಹಳೆಯ ಮೋಡೆಮ್ ಜೋಡಿಸಿ, ಈಗ ಚಿಹ್ನೆ ಬಿಟ್ಟು ಕರೆದರು. ಎಲ್ಲವೂ ಸರಿಯಿದ್ದರೆ ಕನೆಕ್ಟ್ 9600 ಎಂದು ಬರಬೇಕು. ಆಮೇಲೆ ಒತ್ತಿದ್ದೆಲ್ಲ ಆಚೆ ಕಡೆ ಮೂಡುತ್ತದೆ. ಮುಗಿದ ಮೇಲೆ ಒಂದು ಸೆಕೆಂಡು ಸುಮ್ಮನಿದ್ದು, ಮೂರು ಸಲ ಪ್ಲಸ್ ಒತ್ತಿ, ಮತ್ತೊಂದು ಸೆಕೆಂಡು ಬಿಟ್ಟು ಎ.ಟಿ.ಎಚ್. ಎಂದರೆ ಸಾಲು ಕಡಿಯುತ್ತದೆ. ಇದನ್ನು ಮರೆತರೆ ಬಿಲ್ಲು ಓಡುತ್ತಲೇ ಇರುತ್ತದೆ.

ನಮಗೆ ಬಂದದ್ದು ನೋ ಕ್ಯಾರಿಯರ್. ಅದೂ ಮೂರೇ ಸೆಕೆಂಡಿನಲ್ಲಿ. ಪಕ್ಕದ ದೂರವಾಣಿ ಬಡಿಯಲೇ ಇಲ್ಲ.

"ನೋಡಿ ಸೆಕ್ರೆಟರಿಗಳೇ, ಇದು ನಮ್ಮನೆ ತನಕ ಬಂದು ಸೋತ ಕರೆಯಲ್ಲ. ಎಕ್ಸ್‌ಚೇಂಜಿನ ಬಾಗಿಲಲ್ಲೇ ತಳ್ಳಿಬಿಟ್ಟಿದ್ದಾರೆ" ಎಂದರು. ಹಿಂದಿನ ಕರೆ ಏಕೆ ಸೋತಿತೆಂದು ಕೇಳುವ ಸಿ.ಇ.ಇ.ಆರ್. ಎಂಬ ಅಪ್ಪಣೆ ಕೊಟ್ಟಾಗ 57 ಎಂಬ ಅಂಕಿ ಬಂತು. ಈ ಸಿಮ್ಮಿಗೆ ಈ ಬಗೆಯ ಸೇವೆಯ ಅನುಮತಿಯಿಲ್ಲವೆಂದು ಅದರ ಅರ್ಥ. ನನ್ನ ಕಿಸೆಯಲ್ಲಿದ್ದ ಬೇರೊಂದು ಕಂಪನಿಯ ಸಿಮ್ ಹಾಕಿದೆವು. ಅದಕ್ಕೂ ಅದೇ ಉತ್ತರ.

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅದರೊಳಗಿನ ಬ್ಯಾಟರಿಯ ದಾಖಲೆ ತೆಗೆದು ನೋಡಿದರೆ ಮಾರ್ಚಿಯಲ್ಲಿ ಒಂದು ಗಂಟೆಯೂ ವಿದ್ಯುತ್ ತಪ್ಪಿರಲಿಲ್ಲ. ಪ್ರತಿ ಬೆಳಿಗ್ಗೆ 7 ಗಂಟೆಗೆ ಅದು ತಪ್ಪದೆ ಕರೆ ಮಾಡಿತ್ತು, ಪ್ರತಿ ಸಲವೂ ಬಾಗಿಲಲ್ಲೇ ತಿರುಗಿತ್ತು. ಮಳೆ ಲೆಕ್ಕವೂ ಅಲ್ಲೇ ಇತ್ತು: 30 ಸೆಂಟ್.

ಹಿಂದಿರುಗುವಾಗ ಕಂಪನಿಯ ಅಂಗಡಿಯೊಂದಕ್ಕೆ ಹೋಗಿ ಡೇಟಾ ಕರೆಯ ಸೇವೆ ಬೇಕೆಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಬಹಳ ಸೌಜನ್ಯದಿಂದ, "ಅಂಕಲ್, ನಿಮಗೆ ಡೇಟಾ ಪ್ಯಾಕ್ ಹಾಕಿಕೊಡ್ಲಾ?" ಎಂದಳು. ಅವಳ ತಪ್ಪೇನಿಲ್ಲ. ಡೇಟಾ ಎಂಬ ಮಾತಿಗೆ ಅವಳು ಹುಟ್ಟಿದ ಮೇಲೆ ಇದ್ದದ್ದು ಅದೊಂದೇ ಅರ್ಥ. ಇಂಟರ್‌ನೆಟ್ ಬಂದ ಮೇಲೆ ಸಾಲು ಹಿಡಿಯುವ ಈ ಸೇವೆಯನ್ನು ಲೋಕದ ಅನೇಕ ಕಂಪನಿಗಳು ಸದ್ದಿಲ್ಲದೆ ಕೈಬಿಟ್ಟಿವೆ. 4ಜಿ ಜಾಲದಲ್ಲಂತೂ ಇಂಥ ಸಾಲೇ ಇಲ್ಲ. ಮಾತೂ ಅಲ್ಲಿ ತುಂಡು ತುಂಡಾಗಿಯೇ ಹೋಗುತ್ತದೆ.

ಊರಿಗೆ ಬಂದು ಆಡಳಿತ ಮಂಡಳಿಯ ಮುಂದೆ ವಿಷಯವಿಟ್ಟೆ. ಹುಡುಗನ ಸಂಬಳವನ್ನು ಹಿಂದಿರುಗಿಸಿ, ನನ್ನ ಆದೇಶ ತಪ್ಪೆಂದು ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಹಣವನ್ನು ಸಂಘದಿಂದ ತೆಗೆಯದೆ ನಾನೇ ಕೊಟ್ಟೆ. ಅವನು ಎಣಿಸದೆ ಜೇಬಿಗೆ ಹಾಕಿಕೊಂಡು, "ಮಳೆ ಬರ್ಲಿಲ್ಲ ಅಂತ ಆವತ್ತೇ ಹೇಳಿದ್ನಲ್ಲಯ್ಯಾ" ಎಂದ. ನಾಲ್ವರು ಸದಸ್ಯರ ಫಸಲು ಮಾತ್ರ ಹಿಂದೆ ಬರುವಂತಿರಲಿಲ್ಲ.

ಇನ್ನು ನಿಮ್ಮ ಪೆಟ್ಟಿಗೆಗಳ ವಿಚಾರ. ಗುಜರಿಗೆ ಹಾಕಬೇಡಿ. ಡೇಟಾ ಕರೆ ಮಾಡುವ ಮಾಡ್ಯೂಲು ಎಸ್.ಎಂ.ಎಸ್. ಕೂಡ ಕಳಿಸಬಲ್ಲದು, ಒಳಗಿನ ಆದೇಶಗಳನ್ನಷ್ಟೇ ಬದಲಿಸಬೇಕು. ನಮ್ಮ ಪಂಪ್‌ಮನೆಯದನ್ನು ಹಾಗೆಯೇ ಮಾಡಿಸಿದೆವು. ಈಗ ಬೆಳಿಗ್ಗೆ 7ಕ್ಕೆ ನನಗೂ ಗುಮಾಸ್ತರಿಗೂ ಒಂದು ಸಂದೇಶ ಬರುತ್ತದೆ. ಇಂಗ್ಲಿಷಿನಲ್ಲಾದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಆದ್ದರಿಂದ ಬರೀ ಅಂಕಿ ಬರೆಯುವಂತೆ ಮಾಡಿದ್ದೇವೆ. ಸಂದೇಶ ಬಾರದ ದಿನ ಹುಡುಗನೇ ಮಾಪಕದ ಜಾಡಿ ನೋಡಿ ಫೋನ್ ಮಾಡುತ್ತಾನೆ. ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಇಟ್ಟಿರುವ ಮಳೆಮಾಪಕಗಳೂ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವುದು ಇಂಟರ್‌ನೆಟ್ ದಾರಿಯಲ್ಲೇ.

ಹೊಸದು ಕೊಳ್ಳುವವರು ಮಾರುವವನನ್ನು ನಿಮ್ಮ ತೋಟಕ್ಕೇ ಕರೆಸಿ, ನಿಮ್ಮದೇ ಸಿಮ್ ಹಾಕಿಸಿ ನೋಡಿ. ಹಳೆಯ 2ಜಿ ಮಾಡ್ಯೂಲಿಗೆ ಜಿಯೋ ಸಿಮ್ ನಡೆಯದು, ಅವರಿಗೆ 2ಜಿ ಜಾಲವೇ ಇಲ್ಲ. ಅಮೆರಿಕ, ಆಸ್ಟ್ರೇಲಿಯ, ಸಿಂಗಪುರಗಳಲ್ಲಿ 2ಜಿ ಗೋಪುರಗಳನ್ನು 2016–17ರಿಂದಲೇ ಮುಚ್ಚುತ್ತಾ ಬಂದಿದ್ದಾರೆ. ಹಾಗಾಗಿ ಹೊಸದಾಗಿ ದುಡ್ಡು ಹಾಕುವುದಾದರೆ 4ಜಿ ಮಾಡ್ಯೂಲು ಕೇಳುವುದು ಮೇಲು ಎಂದು ನನ್ನ ಅಭಿಪ್ರಾಯ.

ಹಳೆಯ ಪೆಟ್ಟಿಗೆ ಇರುವವರು ಬರುವ ಎರಡನೇ ಶನಿವಾರ ಮಧ್ಯಾಹ್ನ ಮೂರಕ್ಕೆ ಸಂಘದ ಕಚೇರಿಗೆ ತನ್ನಿ. ಮೇಲೆ ಹೇಳಿದ ಕ್ರಮದಲ್ಲಿ ಒಂದೊಂದನ್ನೂ ಪರೀಕ್ಷಿಸೋಣ. ಸಿಮ್ ತೆಗೆಯದೆ, ಅಡಾಪ್ಟರಿನ ಸಮೇತ ತರಬೇಕು.