ಹದಿಮೂರನೆಯ ಅಂಕಿ ಮತ್ತು ಇತರ ಪೆಟ್ಟುಗಳು

ಪಾಲೋ ಆಲ್ಟೋದಲ್ಲಿ ಕೂತು ಸರಕು ಸಾಗಣೆಯ ತಂತ್ರಾಂಶ ಬರೆಯುವುದು ನನ್ನ ಹೊಟ್ಟೆಪಾಡು. ಓಕ್‌ಲ್ಯಾಂಡ್ ಬಂದರು ಕೊಲ್ಲಿಯ ಆಚೆ ದಡದಲ್ಲೇ ಇದ್ದರೂ ಶುರುವಿನ ವರ್ಷಗಳಲ್ಲಿ ಅತ್ತ ತಲೆಹಾಕಿದವನಲ್ಲ. ಸ್ಟ್ಯಾಂಡರ್ಡ್ ಎಂದರೆ ಒಂದು ಪಿಡಿಎಫ್, ಓದಿದರೆ ಮುಗಿಯಿತು ಎಂಬ ಧೈರ್ಯವಿತ್ತು. ಅದು ಇಳಿದದ್ದು ಹೀಗೆ.

1. ಬಾರ್‌ಕೋಡನ್ನು ಸಂಖ್ಯೆಯಾಗಿ ಉಳಿಸಬೇಡಿ, ಅಕ್ಷರಗಳಾಗಿ ಉಳಿಸಿ.
ಅಮೆರಿಕದ ಯುಪಿಸಿಗೆ 12 ಅಂಕಿ. ಭಾರತದ ಪೊಟ್ಟಣದ ಮೇಲೆ 890ರಿಂದ ಶುರುವಾಗುವ 13. ನಾನು ಡೇಟಾಬೇಸಿನಲ್ಲಿ 12ಕ್ಕೇ ಜಾಗ ಬಿಟ್ಟಿದ್ದೆ, ಅದೂ ಸಂಖ್ಯೆಯ ರೂಪದಲ್ಲಿ. ಸಾರಿನ ಪುಡಿ, ಅವಲಕ್ಕಿಗಳ ಕೊನೆಯ ಅಂಕಿ ಕತ್ತರಿಸಿಹೋಯಿತು. ಉಳಿದವು ಸರಿಯೇ ಎಂದು ತಾಳೆ ನೋಡಲು ಇಟ್ಟ ಅಂಕಿಯೇ ಅದು. ಸೊನ್ನೆಯಿಂದ ಶುರುವಾಗುವ ಇಲ್ಲಿನ ಸರಕುಗಳು ಸೊನ್ನೆ ಕಳೆದುಕೊಂಡವು. ಗೋದಾಮಿನಲ್ಲಿ ಎರಡೂ ಬಗೆಯ ಪೆಟ್ಟಿಗೆಗಳು ಗುರುತಿಲ್ಲದ ಮಾಲಿನ ಸಾಲಿಗೆ ಸೇರಿದವು. ಅಮೆರಿಕದ ಅಂಗಡಿಗಳು 13 ಅಂಕಿ ಓದಲು ತಯಾರಾಗಬೇಕೆಂದು 2005ರ ಜನವರಿಯ ಗಡುವು ಇತ್ತು. ನಾನು ಎಡವಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

2. ತಾರೀಖಿನಲ್ಲಿ ವರ್ಷ ಮೊದಲು ಬರಲಿ.
04/05 ಊರಿನವರಿಗೆ ಮೇ ನಾಲ್ಕು, ಇಲ್ಲಿನವರಿಗೆ ಏಪ್ರಿಲ್ ಐದು. ಒಳ್ಳೆಯ ಉಪ್ಪಿನಕಾಯಿಯನ್ನೇ ಅವಧಿ ಮುಗಿದದ್ದೆಂದು ಪಕ್ಕಕ್ಕಿಡಿಸಿದೆ. ವರ್ಷವನ್ನೇ ಮೊದಲು ಬರೆಯಿರಿ ಎನ್ನುವ ಐಎಸ್‌ಒ 8601 ಬಂದದ್ದು 1988ರಲ್ಲಿ. ಹೆಚ್ಚು ಹೇಳಲು ನಾಚಿಕೆ.

3. ಸರಕಿನ ಜೊತೆಗೆ ಅದರ ಕೆಳಗಿನ ಮರವನ್ನೂ ನೋಡಿ.
ಇಳಕಲ್ಲಿನ ಗ್ರಾನೈಟ್ ಚಪ್ಪಡಿ, ಇಲ್ಲಿನ ಅಡುಗೆಮನೆಗಳ ಕಟ್ಟೆಗೆಂದು ಹೊರಟದ್ದು. ನನ್ನ ಪರದೆಯಲ್ಲಿ ಎಲ್ಲ ದಾಖಲೆಯೂ ಹಸಿರು. ಚಪ್ಪಡಿ ನಿಲ್ಲಿಸಿದ್ದ ಮರದ ಚೌಕಟ್ಟಿನ ಮೇಲೆ ಮಾತ್ರ ಐಎಸ್‌ಪಿಎಂ 15ರ ಮುದ್ರೆ ಇರಲಿಲ್ಲ. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಕಾವು, ಬಿಡದೆ 30 ನಿಮಿಷ. ಹಾಗೆ ಕಾಯಿಸಿದ ಮರಕ್ಕೆ ‘ಎಚ್‌ಟಿ’ ಎಂದು ಮುದ್ರೆ ಬೀಳುತ್ತದೆ. ಮರದೊಳಗಿನ ಹುಳು ದೇಶ ದಾಟದಿರಲೆಂದು ಈ ನಿಯಮ. “ಕಲ್ಲಿಗೂ ಹುಳು ಹಿಡಿಯುತ್ತದೆಯೇ?” ಎಂದು ಹಿಂದೊಮ್ಮೆ ನಗೆಯಾಡಿ, ಮರದ ಮುದ್ರೆಯ ಪ್ರಶ್ನೆಯನ್ನು ಫಾರ್ಮಿನಿಂದ ತೆಗೆಸಿದವನು ನಾನೇ. ಮಾಲನ್ನು ವಾಪಸು ಕಳಿಸಿ ಎಂಬ ಆದೇಶ ಬಂತು. ಕಲ್ಲಿನ ತೂಕಕ್ಕೆ ಹಡಗಿನ ಬಾಡಿಗೆ ಎಷ್ಟೆಂದು ಆಗ ಗೊತ್ತಾಯಿತು.

4. ನಿಮಗೆ ಅಳತೆ ಕೊಟ್ಟು ಹೊಲಿಸಿದ್ದು ಪಕ್ಕದವರಿಗೆ ಆಗುವುದಿಲ್ಲ.
ನನ್ನದೇ ಒಂದು ಸಂದೇಶ ನಮೂನೆ ಮಾಡಿದ್ದೆ. ಚಿಕ್ಕದು, ಚೊಕ್ಕದು, ನನ್ನ ಗಿರಾಕಿಗಳಿಗೆ ಹೇಳಿ ಮಾಡಿಸಿದಂಥದು. ಹಳಬರೊಬ್ಬರು ಅದನ್ನು ನೋಡಿ, “ಮೊದಲು ಅಲಮೀಡಾದ ಕಥೆ ಓದಪ್ಪ” ಎಂದರು.

ಮ್ಯಾಟ್ಸನ್ ಹಡಗು ಕಂಪನಿ 1958ರಲ್ಲಿ ಈ ಕೊಲ್ಲಿಯಿಂದ ಹವಾಯಿಗೆ 24 ಅಡಿಯ ಕಂಟೇನರು ಕಳಿಸಿತು. ಮರುವರ್ಷ ಅಲಮೀಡಾದಲ್ಲಿ ಅದಕ್ಕೆಂದೇ ಕ್ರೇನು ನಿಲ್ಲಿಸಿತು. ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಒಂದು ಲಾರಿ ಅಂಥ ಎರಡನ್ನು ಎಳೆಯಬಹುದಿತ್ತು, ಹಾಗಾಗಿ ಲೆಕ್ಕ ಸರಿಯೇ. ಪೂರ್ವ ಕರಾವಳಿಯ ಸೀ-ಲ್ಯಾಂಡ್ ತನ್ನ ಹೆದ್ದಾರಿಗಳನ್ನು ನೋಡಿ 35 ಅಡಿ ಇಟ್ಟುಕೊಂಡಿತು, ಅದೂ ಸರಿಯೇ. ಜಗತ್ತು ಒಪ್ಪಿದ ಪಟ್ಟಿಯಲ್ಲಿ ಬಂದದ್ದು 10, 20, 30, 40. ಇಬ್ಬರದೂ ಇಲ್ಲ! ಆದರೆ ಸೀ-ಲ್ಯಾಂಡ್ ಒಂದು ಜಾಣತನ ಮಾಡಿತು: ಕಂಟೇನರಿನ ಮೂಲೆಯ ಬೀಗದ ಪೇಟೆಂಟನ್ನು 1963ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಮೂಲೆ ಹೊಂದಿದರೆ ತಾನೇ ಯಾರ ಕ್ರೇನಾದರೂ ಯಾರದ್ದನ್ನಾದರೂ ಎತ್ತುವುದು?

ಇಷ್ಟು ಓದಿಯೂ ನಾನು ನನ್ನ ನಮೂನೆಗೆ ಪರವಾನಗಿ ಶುಲ್ಕ ಇಟ್ಟೆ. ಗಿರಾಕಿಗಳ ಗಿರಾಕಿಗಳು ಯಾರೂ ಅದನ್ನು ಮುಟ್ಟಲಿಲ್ಲ. ಕಡೆಗೆ ಅದರಿಂದ, ಇಲ್ಲಿನ ವ್ಯಾಪಾರಿಗಳು ಬಳಸುವ ಎಕ್ಸ್12 ಎಂಬ ಸಂದೇಶ ನಮೂನೆಗೆ ತರ್ಜುಮೆ ಮಾಡುವ ತಂತ್ರಾಂಶವನ್ನೂ ನಾನೇ ಬರೆಯಬೇಕಾಯಿತು.

5. ‘ನಾವೂ ಎಕ್ಸ್12’ ಎಂದರೆ ನಂಬಿ, ಆದರೆ ಫೈಲು ಕೇಳಿ.
ಎಕ್ಸ್12ರಲ್ಲಿ 850 ಎಂದರೆ ಖರೀದಿ ಆದೇಶ, 856 ಎಂದರೆ ಮಾಲಿಗಿಂತ ಮುಂಚೆ ಬರಬೇಕಾದ ಸೂಚನೆ. ಅಲ್ಲಿಗೆ ಒಮ್ಮತ ಮುಗಿಯಿತು. ಉಳಿದದ್ದನ್ನೆಲ್ಲ ಪ್ರತಿ ದೊಡ್ಡ ಖರೀದಿದಾರ ತನ್ನದೇ ದಪ್ಪ ಕೈಪಿಡಿಯಲ್ಲಿ ಬರೆದಿರುತ್ತಾನೆ. ‘ಇಎ’ ಎಂದರೆ ಬಿಡಿ, ‘ಸಿಎ’ ಎಂದರೆ ಪೆಟ್ಟಿಗೆ. ಒಂದು ಕಡೆಯವರು ಪೆಟ್ಟಿಗೆಗೂ ‘ಇಎ’ ಎಂದೇ ಬರೆಯುತ್ತಿದ್ದರು. ಅವರ ಒಳಗಿನವರಿಗೆಲ್ಲ ಅದು ಗೊತ್ತಿತ್ತು, ಕೈಪಿಡಿಯಲ್ಲಿರಲಿಲ್ಲ. 24 ಪೆಟ್ಟಿಗೆ ಕೇಳಿದವರಿಗೆ 24 ಪೊಟ್ಟಣ ಹೋಯಿತು. ಈಗ ಕೈಪಿಡಿ ತೆರೆಯುವ ಮೊದಲು, ಅವರು ಇತ್ತೀಚೆಗೆ ನಿಜವಾಗಿ ಕಳಿಸಿದ ಫೈಲುಗಳನ್ನು ಕೇಳುತ್ತೇನೆ. ಕೊಡಲು ಹಿಂಜರಿಯುತ್ತಾರೆ. ಬೆಲೆ ಅಳಿಸಿ ಕೊಡಿ ಎಂದರೆ ಸಾಮಾನ್ಯವಾಗಿ ಕೊಡುತ್ತಾರೆ.